ಜಿಂಕೆಯ ಮೇಲಿನ ಆರೋಪ: ಉಣುಗು ರೋಗಗಳ ಚಿತ್ರಣದಲ್ಲೊಂದು ದೋಷ

ಉಣುಗುಗಳಿಂದ ಹರಡುವ ರೋಗಗಳನ್ನು ವಿವರಿಸುವ ಜನಪ್ರಿಯ ಬರಹಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎಡಗಡೆ ಜಿಂಕೆ, ನಡುವೆ ಉಣುಗು, ಬಲಗಡೆ ಮನುಷ್ಯ. ಮೂವರನ್ನೂ ಎರಡು ಬಾಣಗಳು ಜೋಡಿಸುತ್ತವೆ. ನೋಡಲು ಸರಳ, ನೆನಪಿಡಲು ಸುಲಭ. ಆದರೆ ಆ ಬಾಣಗಳು ಏನನ್ನು ಸೂಚಿಸುತ್ತವೆ? ರಕ್ತವನ್ನೋ, ಬ್ಯಾಕ್ಟೀರಿಯಾವನ್ನೋ, ರೋಗವನ್ನೋ? ಚಿತ್ರ ಹೇಳುವುದಿಲ್ಲ. ಈ ಅಸ್ಪಷ್ಟತೆಯಿಂದ ಎಂತಹ ತಪ್ಪು ತಿಳುವಳಿಕೆ ಬೆಳೆಯುತ್ತದೆ ಎಂಬುದನ್ನು ಪರಿಶೀಲಿಸೋಣ.

ಮೊದಲು ಲೈಮ್ ರೋಗವನ್ನು ತೆಗೆದುಕೊಳ್ಳಿ. 1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಪಟ್ಟಣದ ಸುತ್ತಮುತ್ತ ಮಕ್ಕಳಲ್ಲಿ ಕೀಲುನೋವಿನ ಪ್ರಕರಣಗಳು ಗುಂಪುಗುಂಪಾಗಿ ಕಂಡುಬಂದುದರಿಂದ ಅದಕ್ಕೆ ಆ ಹೆಸರು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಉಣುಗಿನ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅವರ ಗೌರವಾರ್ಥ ಅದನ್ನು ಬೊರೇಲಿಯ ಬರ್ಗ್‌ಡಾರ್ಫೆರಿ ಎಂದು ಕರೆಯಲಾಯಿತು. ಇದನ್ನು ಹರಡುವ ಉಣುಗು ಬಿಳಿಬಾಲದ ಜಿಂಕೆಗಳ ಮೈಮೇಲೆ ಹೇರಳವಾಗಿ ಸಿಗುತ್ತಿದ್ದುದರಿಂದ ಜನ ಅದನ್ನು 'ಜಿಂಕೆ ಉಣುಗು' ಎಂದರು. ಹೆಸರು ಅಂಟಿಕೊಂಡಿತು, ಜೊತೆಗೆ ರೋಗಾಣುವಿನ ಮೂಲ ಜಿಂಕೆಯೇ ಎಂಬ ನಂಬಿಕೆಯೂ ಅಂಟಿಕೊಂಡಿತು.

ವಾಸ್ತವವೇನು? ಈ ಉಣುಗಿನ ಜೀವನದಲ್ಲಿ ಮರಿಹುಳು, ನಿಂಫ್, ಪ್ರೌಢ ಎಂಬ ಮೂರು ಹಂತಗಳಿವೆ. ಪ್ರತಿ ಹಂತದಲ್ಲೂ ಒಂದೇ ಒಂದು ಬಾರಿ ರಕ್ತದೂಟ. ಮೊಟ್ಟೆಯಿಂದ ಹೊರಬಂದ ಮರಿಹುಳುವಿನಲ್ಲಿ ಲೈಮ್ ಬ್ಯಾಕ್ಟೀರಿಯಾ ಇರುವುದಿಲ್ಲ ಎನ್ನಬಹುದು. ಅದು ಬಿಳಿಪಾದದ ಇಲಿಯಂತಹ ಸಣ್ಣ ಪ್ರಾಣಿಯ ರಕ್ತ ಹೀರಿದಾಗ ಸೋಂಕು ಪಡೆಯುತ್ತದೆ. ಮುಂದಿನ ಹಂತದಲ್ಲಿ, ಗಸಗಸೆ ಕಾಳಿನಷ್ಟೇ ಇರುವ ನಿಂಫ್ ಮನುಷ್ಯನನ್ನು ಕಚ್ಚಿದಾಗ ಸೋಂಕು ದಾಟುತ್ತದೆ. ಪ್ರೌಢ ಉಣುಗುಗಳು ಹೆಚ್ಚಾಗಿ ಜಿಂಕೆಯನ್ನು ಸೇರುತ್ತವೆ. ಅಲ್ಲಿಯೇ ಅವುಗಳ ಮಿಲನ. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ.

ಜಿಂಕೆಯ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ರಕ್ತದ್ರವದಲ್ಲಿರುವ 'ಕಾಂಪ್ಲಿಮೆಂಟ್' ಎಂಬ ರಕ್ಷಣಾ ಪ್ರೋಟೀನುಗಳು ಅದನ್ನು ನಾಶ ಮಾಡುತ್ತವೆ. ಲೈಮ್ ಬ್ಯಾಕ್ಟೀರಿಯಾವನ್ನು ಉಣುಗಿಗೆ ದಾಟಿಸುವ ಸಾಮರ್ಥ್ಯ ಜಿಂಕೆಗಿಲ್ಲವೆಂದು ಸ್ಯಾಮ್ ಟೆಲ್ಫರ್ಡ್ ಮತ್ತು ಸಂಗಡಿಗರು 1988ರಲ್ಲಿಯೇ ತೋರಿಸಿದ್ದಾರೆ. ಅಂದರೆ ಜಿಂಕೆ ಉಣುಗಿಗೆ ಅನ್ನದಾತ, ಬ್ಯಾಕ್ಟೀರಿಯಾಕ್ಕೆ ಅಲ್ಲ.

ಹಾಗಾದರೆ ಜಿಂಕೆ ನಿರ್ದೋಷಿಯೇ? ಚಿತ್ರವನ್ನು ಟೀಕಿಸುವವರು ಎಡವುವುದು ಇಲ್ಲಿಯೇ. ಮೇನ್ ರಾಜ್ಯದ ಮಾನ್‌ಹೆಗನ್ ದ್ವೀಪದಲ್ಲಿ 1990ರ ದಶಕದ ಕೊನೆಯಲ್ಲಿ ಜಿಂಕೆಗಳನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಈ ಉಣುಗಿನ ಸಂಖ್ಯೆ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ಉಣುಗೇ ಇಲ್ಲದಿದ್ದರೆ ಇಲಿಯಿಂದ ಮನುಷ್ಯನಿಗೆ ಸೋಂಕು ದಾಟಿಸುವವರು ಯಾರು? ಆದರೆ ಮುಖ್ಯಭೂಮಿಯಲ್ಲಿ, ಅಕ್ಕಪಕ್ಕದ ಕಾಡಿನಿಂದ ಜಿಂಕೆಗಳು ಬರುತ್ತಲೇ ಇರುವಲ್ಲಿ, ಅವುಗಳ ಸಂಖ್ಯೆಯನ್ನು ಭಾಗಶಃ ಇಳಿಸಿದಾಗ ದೊರೆತ ಫಲಿತಾಂಶಗಳು ಮಿಶ್ರವಾಗಿವೆ. ಆದ್ದರಿಂದ 'ಜಿಂಕೆಯೇ ಕಾರಣ' ಎನ್ನುವುದೂ ತಪ್ಪು, 'ಜಿಂಕೆಗೂ ರೋಗಕ್ಕೂ ಸಂಬಂಧವಿಲ್ಲ' ಎನ್ನುವುದೂ ತಪ್ಪು.

ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಬಂದರೆ ಕಥೆ ತಿರುಗಿಬೀಳುತ್ತದೆ. 1991ರಲ್ಲಿ ಹೆಸರು ಪಡೆದ ಎರ್ಲಿಕಿಯ ಚಾಫೀನ್ಸಿಸ್, ಮನುಷ್ಯನ ಬಿಳಿ ರಕ್ತಕಣಗಳಲ್ಲಿ ಬೆಳೆದು ತೀವ್ರ ಜ್ವರವನ್ನುಂಟುಮಾಡುತ್ತದೆ. ಇದನ್ನು ಹರಡುವುದು 'ಲೋನ್ ಸ್ಟಾರ್' ಎಂಬ ಬೇರೆಯೇ ಉಣುಗು. ಅದರ ಮೂರೂ ಹಂತಗಳು ಜಿಂಕೆಯ ರಕ್ತ ಹೀರಬಲ್ಲವು. ಬ್ಯಾಕ್ಟೀರಿಯಾವೂ ಬಿಳಿಬಾಲದ ಜಿಂಕೆಯ ರಕ್ತದಲ್ಲಿ ಉಳಿದು ಮುಂದಿನ ಉಣುಗಿಗೆ ದಾಟುತ್ತದೆ. ಇಲ್ಲಿ ಜಿಂಕೆಯೇ ರೋಗಾಣುವಿನ ಆಗರ. ಪ್ರಾಣಿ ಅದೇ, ಪಾತ್ರ ಬೇರೆ!

ಮೂರನೆಯದು ಅನಾಪ್ಲಾಸ್ಮ ಫ್ಯಾಗೋಸೈಟೋಫಿಲಮ್. ಯೂರೋಪಿನಲ್ಲಿ ಕುರಿಗಳ ಉಣುಗು ಜ್ವರಕ್ಕೆ ಇದೇ ಕಾರಣ. ಉಣುಗುಗಳಿರುವ ನಾರ್ವೆ, ಸ್ವೀಡನ್ ಪ್ರದೇಶಗಳ ರೋ ಜಿಂಕೆ ಮತ್ತು ಮೂಸ್‌ಗಳಲ್ಲಿ ಈ ಸೋಂಕು ಸಾಮಾನ್ಯ. ಆದರೆ ಸೋಂಕು ಇದ್ದ ಮಾತ್ರಕ್ಕೆ ರೋಗವಿದೆ ಎನ್ನಲಾಗದು. ಹೆಚ್ಚಿನ ಪ್ರಾಣಿಗಳು ಆರೋಗ್ಯವಾಗಿಯೇ ಕಾಣುತ್ತವೆ. ಅಪವಾದಗಳಿಲ್ಲದಿಲ್ಲ. ಈ ಸೋಂಕಿನ ಜೊತೆಗೆ ಕ್ಲೆಬ್ಸಿಯೆಲ್ಲ ಎಂಬ ಮತ್ತೊಂದು ಬ್ಯಾಕ್ಟೀರಿಯಾವೂ ರಕ್ತಕ್ಕೆ ಹರಡಿದ್ದ ನಾರ್ವೆಯ ಮೂಸ್ ಕರುವೊಂದರ ವರದಿ 2001ರಲ್ಲಿ ಪ್ರಕಟವಾಯಿತು. ಅನಾಪ್ಲಾಸ್ಮ ನೆಲೆಸುವುದು ನ್ಯೂಟ್ರೋಫಿಲ್ ಎಂಬ ಕಾವಲು ಕಣಗಳಲ್ಲಿ. ಕಾವಲುಗಾರನೇ ಕುಗ್ಗಿದಾಗ ಬೇರೆ ರೋಗಾಣುಗಳಿಗೆ ದಾರಿ ಸುಗಮವಾಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಈ ಒಂದೇ ಪ್ರಭೇದದಲ್ಲಿ ಹಲವು ತಳಿಗಳಿವೆ. ಅಮೆರಿಕದ ಬಿಳಿಬಾಲದ ಜಿಂಕೆಗಳಲ್ಲಿ ಸಾಮಾನ್ಯವಾಗಿರುವ ತಳಿ, ಮನುಷ್ಯರಲ್ಲಿ ರೋಗ ತರುವ ತಳಿಯಲ್ಲ. ಆದ್ದರಿಂದ 'ಜಿಂಕೆಯ ರಕ್ತದಲ್ಲಿ ಅನಾಪ್ಲಾಸ್ಮ ಪತ್ತೆ' ಎಂಬ ಸುದ್ದಿಯನ್ನು ಓದಿದಾಗ, ಯಾವ ತಳಿ ಎಂದು ನೀವು ಕೇಳಲೇಬೇಕು. ಡಿಎನ್‌ಎ ಪರೀಕ್ಷೆ ರೋಗಾಣು ಅಲ್ಲಿದೆ ಎಂದು ಹೇಳುತ್ತದೆ. ಆ ಪ್ರಾಣಿಗೆ ಕಾಯಿಲೆಯಾಗಿದೆ ಎಂದಾಗಲಿ, ಅದರಿಂದ ನಮಗೆ ಹರಡುತ್ತದೆ ಎಂದಾಗಲಿ ಹೇಳುವುದಿಲ್ಲ.

ದೋಷಕ್ಕೆ ಚಿತ್ರವೊಂದೇ ಕಾರಣವಲ್ಲ, ನಮ್ಮ ಪಾರಿಭಾಷಿಕ ಪದವೂ ಕಾರಣ. ಕನ್ನಡದಲ್ಲಿ 'ವಾಹಕ' ಎಂಬ ಒಂದೇ ಮಾತನ್ನು ರೋಗಾಣುವನ್ನು ಸಾಗಿಸುವ ಉಣುಗಿಗೂ ಬಳಸುತ್ತೇವೆ, ರೋಗಾಣುವನ್ನು ಒಳಗಿಟ್ಟುಕೊಂಡ ಪ್ರಾಣಿಗೂ ಬಳಸುತ್ತೇವೆ. ಭೌತವಿಜ್ಞಾನದ ತರಗತಿಯಲ್ಲಿ ತಾಮ್ರದ ತಂತಿಗೂ ಅದೇ ಪದ! ವಿದ್ಯಾರ್ಥಿ ಗೊಂದಲಕ್ಕೆ ಬಿದ್ದರೆ ತಪ್ಪು ಅವನದಲ್ಲ. ಉಣುಗಿಗೆ 'ವಾಹಕ', ರೋಗಾಣುವನ್ನು ಉಳಿಸಿಕೊಳ್ಳುವ ಪ್ರಾಣಿಗೆ 'ಆಗರ', ಉಣುಗಿಗೆ ರಕ್ತ ಕೊಡುವ ಪ್ರಾಣಿಗೆ 'ಆತಿಥೇಯ' ಎಂದು ಪಾಠದಲ್ಲಿ ಬೇರೆಬೇರೆಯಾಗಿ ಹೇಳಬಹುದು.

ಇದು ಪದಗಳ ಜಗಳ ಮಾತ್ರವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ರೋಗ ನಮ್ಮಲ್ಲಿ 'ಮಂಗನ ಕಾಯಿಲೆ' ಎಂದೇ ಪ್ರಸಿದ್ಧ. ಅದರ ಕಾರಣ ಬ್ಯಾಕ್ಟೀರಿಯಾವಲ್ಲ, ವೈರಸ್. ಹರಡುವುದು ಮಾತ್ರ ಉಣುಗೇ. ಅಲ್ಲಿ ಮಂಗ ಸ್ವತಃ ರೋಗಕ್ಕೆ ಬಲಿಯಾಗುವ ಪ್ರಾಣಿ. ಸತ್ತ ಮಂಗದಿಂದ ಉದುರಿದ ಸೋಂಕಿತ ಉಣುಗುಗಳು ಆ ಜಾಗವನ್ನು ಅಪಾಯಕಾರಿಯಾಗಿಸುತ್ತವೆ. ಪ್ರೌಢ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂಖ್ಯೆ ಹೆಚ್ಚಿಸುವುದರಲ್ಲಿ ಮೇಯಲು ಹೋದ ದನಗಳ ಪಾಲು ದೊಡ್ಡದು. ದನಗಳು ಅಲ್ಲಿ, ಲೈಮ್ ರೋಗದಲ್ಲಿ ಜಿಂಕೆ ಇರುವ ಸ್ಥಾನದಲ್ಲಿವೆ. ಹೆಸರನ್ನು ನಂಬಿ ಮಂಗಗಳನ್ನು ದ್ವೇಷಿಸಿದರೆ ರೋಗ ಕಡಿಮೆಯಾಗದು.

ಅಧ್ಯಾಪಕರು ಆ ಹಳೆಯ ಚಿತ್ರವನ್ನು ಕೈಬಿಡಬೇಕಾಗಿಲ್ಲ. ಕರಿಹಲಗೆಯ ಮೇಲೆ ಅದನ್ನೇ ಬರೆದು ಮೂರು ಪ್ರಶ್ನೆಗಳನ್ನು ಕೇಳಲಿ: ಉಣುಗು ಯಾರ ರಕ್ತದಿಂದ ಬೆಳೆಯುತ್ತದೆ? ರೋಗಾಣು ಯಾರ ದೇಹದಲ್ಲಿ ಉಳಿದು ಮುಂದಿನ ಉಣುಗಿಗೆ ದಾಟುತ್ತದೆ? ಕಾಯಿಲೆ ಬೀಳುವವರು ಯಾರು? ಲೈಮ್ ರೋಗಕ್ಕೆ ಉತ್ತರ ಜಿಂಕೆ, ಇಲಿ, ಮನುಷ್ಯ. ಎರ್ಲಿಕಿಯಕ್ಕೆ ಜಿಂಕೆ, ಜಿಂಕೆ, ಮನುಷ್ಯ. ಅನಾಪ್ಲಾಸ್ಮಕ್ಕೆ ತಳಿಯನ್ನು ತಿಳಿಯದೆ ಉತ್ತರಿಸುವಂತಿಲ್ಲ. ಪ್ರತಿ ಬಾಣದ ಮೇಲೂ ಅದು ಏನನ್ನು ಸಾಗಿಸುತ್ತದೆ ಎಂದು ವಿದ್ಯಾರ್ಥಿಗಳಿಂದಲೇ ಬರೆಸಿ. ಚಿತ್ರದಲ್ಲಿ ಇಲಿಗೊಂದು ಜಾಗ ಬೇಕೆಂಬುದು ಆಗ ಅವರಿಗೇ ಹೊಳೆಯುತ್ತದೆ.