‘ಗೈ’: ಬೆಂಕಿಯಿಂದ ಎದ್ದು ಬಂದ ಪದ

‘ಹಾಯ್ ಗೈಸ್’ ಎನ್ನದೆ ಇಂದು ಕನ್ನಡದ ಎಷ್ಟೋ ಯೂಟ್ಯೂಬ್ ವಿಡಿಯೋಗಳು ಆರಂಭವೇ ಆಗುವುದಿಲ್ಲ. ಅಡುಗೆ ಹೇಳಿಕೊಡುವವರು, ಊರು ಸುತ್ತಿ ತೋರಿಸುವವರು, ಹೊಸ ಮೊಬೈಲಿನ ಗುಣದೋಷ ವಿವರಿಸುವವರು, ಹೀಗೆ ಅನೇಕರಿಗೆ ನೋಡುಗರೆಲ್ಲ ‘ಗೈಸ್’. ನೋಡುತ್ತಿರುವುದು ಅಜ್ಜಿಯೋ ಮೊಮ್ಮಗನೋ, ಸಂಬೋಧನೆ ಮಾತ್ರ ಒಂದೇ. ಕೇಳಲು ಹಗುರವಾದ, ಯಾರನ್ನೂ ನೋಯಿಸದ ಪದವಿದು. ಆದರೆ ಇದರ ಬೇರು ಹುಡುಕುತ್ತಾ ಹೋದರೆ ನಾವು ತಲುಪುವುದು ಲಂಡನ್ನಿನ ಒಂದು ನೆಲಮಾಳಿಗೆಗೆ, ಅಲ್ಲಿಂದ ವಧಾಸ್ಥಾನಕ್ಕೆ, ಆಮೇಲೆ ಶತಮಾನಗಳ ಕಾಲ ವರ್ಷ ವರ್ಷವೂ ಉರಿದ ಬೆಂಕಿಗೆ.

‘ಗೈ’ ಮೂಲತಃ ಒಂದು ಅಂಕಿತನಾಮ. ಫ್ರೆಂಚಿನಿಂದ ಇಂಗ್ಲೆಂಡಿಗೆ ಬಂದ ಹೆಸರು. ಇಟಲಿಯಲ್ಲಿ ಇದೇ ಹೆಸರು ‘ಗ್ವೀಡೋ’ ಆಗಿದೆ. ಮಧ್ಯಯುಗದ ಇಂಗ್ಲಿಷ್ ಕಥನಗಳಲ್ಲಿ ವಾರಿಕ್‌ನ ಗೈ ಎಂಬ ವೀರನೊಬ್ಬನಿದ್ದಾನೆ. ಅಂದರೆ ತಂದೆ ತಾಯಿ ಮಗನಿಗೆ ಅಭಿಮಾನದಿಂದಲೇ ಇಡಬಹುದಾಗಿದ್ದ ಹೆಸರದು. ಅದರ ಹಣೆಬರಹ ಬದಲಾದದ್ದು 1605ರ ನವೆಂಬರ್ 5ರಂದು.

ಆಗಿನ ಇಂಗ್ಲೆಂಡಿನ ಅಧಿಕೃತ ಧರ್ಮ ಪ್ರೊಟೆಸ್ಟಂಟ್ ಕ್ರೈಸ್ತಮತ. ಅಧಿಕೃತ ಚರ್ಚಿಗೆ ಹೋಗದ ಕ್ಯಾಥೊಲಿಕರು ದಂಡ ತೆರಬೇಕಿತ್ತು. 1603ರಲ್ಲಿ ಪಟ್ಟಕ್ಕೆ ಬಂದ ಒಂದನೇ ಜೇಮ್ಸ್ ತಮ್ಮ ಕಷ್ಟ ಕಡಿಮೆ ಮಾಡಿಯಾನು ಎಂದು ಅವರು ಕಾದರು. ಆ ನಿರೀಕ್ಷೆ ಹುಸಿಯಾದಾಗ ರಾಬರ್ಟ್ ಕೇಟ್ಸ್‌ಬಿ ಎಂಬವನ ನೇತೃತ್ವದ ಸಣ್ಣ ಗುಂಪೊಂದು ರಾಜನೂ ಪ್ರತಿನಿಧಿಗಳೂ ಸೇರಿದ ದಿನವೇ ಪಾರ್ಲಿಮೆಂಟನ್ನು ಸಿಡಿಸಲು ಸಂಚು ಹೂಡಿತು. 1570ರಲ್ಲಿ ಯಾರ್ಕ್‌ನಲ್ಲಿ ಹುಟ್ಟಿ, ಸ್ಪೇನಿನ ಸೈನ್ಯದಲ್ಲಿ ಕಾದಾಡಿ ಬಂದಿದ್ದ ಗೈ ಫಾಕ್ಸ್‌ಗೆ ಸಿಡಿಮದ್ದಿನ ಹೊಣೆ ಬಿತ್ತು. ಹೌಸ್ ಆಫ್ ಲಾರ್ಡ್ಸ್‌ನ ಕೆಳಗೆ 36 ಪೀಪಾಯಿ ಮದ್ದನ್ನು ಕಾಯುತ್ತಿದ್ದಾಗಲೇ ಅವನು ಸಿಕ್ಕಿಬಿದ್ದ. ತನ್ನ ಹೆಸರು ಜಾನ್ ಜಾನ್ಸನ್ ಎಂದು ಸುಳ್ಳು ಹೇಳಿದ. ಚಿತ್ರಹಿಂಸೆಯ ಬಳಿಕ ನಿಜ ಹೊರಬಂತು. 1606ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು.

ಇದು ಸಾಮೂಹಿಕ ಕೊಲೆಯ ಸಂಚು. ಅದನ್ನು ಯಾವ ಅನ್ಯಾಯದ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ನಂತರ ನಡೆದದ್ದೇನು? ಮುಖ್ಯ ಸಂಚುಗಾರರು 13 ಮಂದಿ. ಉತ್ತರ ಕೊಡಬೇಕಾಗಿ ಬಂದದ್ದು ಇಡೀ ಸಮುದಾಯ. ಕ್ಯಾಥೊಲಿಕರು ವಕೀಲರಾಗದಂತೆ, ವೈದ್ಯರಾಗದಂತೆ 1606ರಲ್ಲಿ ಕಾಯ್ದೆ ಬಂತು. ರಾಜನಿಗೆ ತಾವು ನಿಷ್ಠರು, ಅವನನ್ನು ಪದಚ್ಯುತಗೊಳಿಸುವ ಅಧಿಕಾರ ಪೋಪರಿಗಿಲ್ಲ ಎಂದು ಅವರು ಪ್ರಮಾಣ ಮಾಡಬೇಕಾಯಿತು. ನವೆಂಬರ್ 5 ಕೃತಜ್ಞತೆಯ ದಿನವೆಂದು ಪಾರ್ಲಿಮೆಂಟೇ ಶಾಸನ ಮಾಡಿತು. ಅಂದು ಚರ್ಚಿನಲ್ಲಿ ವಿಶೇಷ ಪ್ರಾರ್ಥನೆ, ಬೀದಿಯಲ್ಲಿ ಬೆಂಕಿ.

ಆ ಬೆಂಕಿಯಲ್ಲಿ ಮೊದಮೊದಲು ಹೆಚ್ಚಾಗಿ ಸುಟ್ಟದ್ದು ಪೋಪರ ಪ್ರತಿಕೃತಿಯನ್ನು. ಕ್ರಮೇಣ ಆ ಜಾಗಕ್ಕೆ ಫಾಕ್ಸ್ ಬಂದ. ಹಳೆಯ ಬಟ್ಟೆಗೆ ಹುಲ್ಲು ತುಂಬಿ ಬೊಂಬೆ ಮಾಡಿ, ಬೀದಿ ಬೀದಿ ಹೊತ್ತು, ‘ಗೈಗೆ ಒಂದು ಪೆನ್ನಿ ಕೊಡಿ’ ಎಂದು ಮಕ್ಕಳು ಕಾಸು ಕೇಳುವುದು ರೂಢಿಯಾಯಿತು. ಹೀಗೆ ಮನುಷ್ಯನ ಹೆಸರು ಬೊಂಬೆಯ ಹೆಸರಾಯಿತು. 1830ರ ದಶಕದ ಹೊತ್ತಿಗೆ ‘ಗೈ’ ಎಂದರೆ ವಿಚಿತ್ರವಾಗಿ ಬಟ್ಟೆ ತೊಟ್ಟವನು, ನೋಡಿದರೆ ನಗು ಬರಿಸುವವನು ಎಂಬ ಅರ್ಥ ಬಂತು. ಗೇಲಿ ಮಾಡುವುದು ಎಂಬರ್ಥದ ಕ್ರಿಯಾಪದವಾಗಿಯೂ ಅದು ಬಳಕೆಯಾಯಿತು. ಇಲ್ಲಿ ಪದದ ಅರ್ಥ ಬದಲಾಯಿತು, ನಿಜ. ಆದರೆ ತಿರಸ್ಕಾರ ಕಳೆದುಹೋಗಲಿಲ್ಲ, ಬರೀ ಗುರಿ ಬದಲಿಸಿತು. ಮೊದಲು ಅದು ಮತದವನ ಮೇಲಿತ್ತು, ಈಗ ಸರಿಯಾದ ಬಟ್ಟೆಯಿಲ್ಲದವನ ಮೇಲೆ ಬಿತ್ತು.

ಈ ಪದಕ್ಕೆ ಬಿಡುಗಡೆ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿನ ವಸಾಹತುಗಳಲ್ಲೂ, ಮುಖ್ಯವಾಗಿ ಬೋಸ್ಟನ್ನಿನಲ್ಲಿ, ನವೆಂಬರ್ 5ರಂದು ‘ಪೋಪ್ ದಿನ’ ನಡೆಯುತ್ತಿತ್ತು. 1775ರಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ಸೈನಿಕರು ಪೋಪರ ಪ್ರತಿಕೃತಿ ಸುಡಬಾರದೆಂದು ಆಜ್ಞೆ ಹೊರಡಿಸಿದ. ಬ್ರಿಟಿಷರ ವಿರುದ್ಧದ ಹೋರಾಟಕ್ಕೆ ಕೆನಡಾದ ಕ್ಯಾಥೊಲಿಕರ ಬೆಂಬಲ ಬೇಕಾಗಿತ್ತು. ಗೆಳೆತನ ಬೇಕೆನಿಸಿದಾಗ ಹಗೆಯ ಹಬ್ಬ ನಾಚಿಕೆಗೇಡೆನಿಸಿತು. ಸ್ವಾತಂತ್ರ್ಯಾನಂತರ ಆ ಆಚರಣೆ ಅಲ್ಲಿ ಮರೆಯಾಗುತ್ತಾ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕನ್ನರ ಮಾತಿನಲ್ಲಿ ‘ಗೈ’ ಎಂದರೆ ಬರೀ ಒಬ್ಬ ಗಂಡಸು, ಒಬ್ಬ ಆಸಾಮಿ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಸಿನಿಮಾಗಳ ಜೊತೆ ಅದೇ ಪದ ಹೊಸ ಅರ್ಥ ಹೊತ್ತು ಇಂಗ್ಲೆಂಡಿಗೇ ಮರಳಿತು. ಪದದ ವಿಷ ಇಳಿದದ್ದು ಅದಕ್ಕೆ ವಿಷ ಉಣಿಸುವ ಹಬ್ಬ ಇಲ್ಲದ ನೆಲದಲ್ಲಿ ಎಂದು ನನಗನ್ನಿಸುತ್ತದೆ.

ಆದರೆ ಪದ ನಿರ್ದೋಷಿಯಾದ ಮಾತ್ರಕ್ಕೆ ಜನರೂ ನಿರ್ದೋಷಿಗಳೆಂದು ತೀರ್ಮಾನವಾಯಿತೇ? ಇಂಗ್ಲೆಂಡಿನ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1829ರಲ್ಲಿ. ನವೆಂಬರ್ 5ರ ಶಾಸನ ರದ್ದಾದದ್ದು 1859ರಲ್ಲಿ. ರಾಜಮನೆತನದವರು ಕ್ಯಾಥೊಲಿಕರನ್ನು ಮದುವೆಯಾದರೆ ಸಿಂಹಾಸನದ ಹಕ್ಕು ಹೋಗುತ್ತದೆ ಎಂಬ ನಿಯಮವನ್ನು ಕಿತ್ತುಹಾಕಲು 2013ರ ಕಾಯ್ದೆ ಬೇಕಾಯಿತು. ಕ್ಯಾಥೊಲಿಕರೊಬ್ಬರು ಸ್ವತಃ ಸಿಂಹಾಸನ ಏರುವುದಕ್ಕೆ ಇಂದಿಗೂ ಅವಕಾಶವಿಲ್ಲ. ಜನರ ನಾಲಿಗೆ ಒಂದು ಹೆಸರಿನ ಕಳಂಕವನ್ನು ಮರೆತು ಶತಮಾನ ಕಳೆದರೂ ಕಾನೂನಿನ ಪುಸ್ತಕ ಪೂರ್ತಿ ಮರೆತಿಲ್ಲ. ಪದಗಳು ಮರೆವಿನಿಂದ ಬಿಡುಗಡೆಯಾಗಬಹುದು. ಮನುಷ್ಯರ ಬಿಡುಗಡೆಗೆ ಮರೆವು ಸಾಲದು, ಕುಳಿತು ಕಾನೂನು ತಿದ್ದಬೇಕಾಗುತ್ತದೆ.

ಇನ್ನು ಈ ಪದದ ಇತ್ತೀಚಿನ ತಿರುವು. ಇಂಗ್ಲಿಷಿನಲ್ಲಿ ಒಬ್ಬರಿಗೂ ಹಲವರಿಗೂ ಒಂದೇ ‘ಯೂ’. ಹಳೆಯ ಏಕವಚನ ‘ದೌ’ ಬಳಕೆ ತಪ್ಪಿದ ಮೇಲೆ ಹಲವರನ್ನು ಕರೆಯಲು ಬೇರೊಂದು ಮಾತು ಬೇಕಾಯಿತು. ಆ ಖಾಲಿ ಜಾಗವನ್ನು ತುಂಬಿದ್ದು ‘ಯೂ ಗೈಸ್’. ಹೆಣ್ಣು ಗಂಡು ಸೇರಿದ ಗುಂಪಿಗೂ, ಹೆಂಗಸರೇ ಇರುವ ಗುಂಪಿಗೂ ಅದೇ ಸಲ್ಲುತ್ತದೆ. ಹಾಗಾದರೆ ಇದು ಲಿಂಗಭೇದ ಮೀರಿದ ಪದವೇ? ಅಮೆರಿಕದಲ್ಲಿ ಈ ಬಗ್ಗೆ ವಾದವಿದೆ. ಕರೆಯುವಾಗ ಯಾರೂ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಒಂಟಿಯಾಗಿ ನಿಂತ ಹೆಣ್ಣುಮಗಳನ್ನು ತೋರಿಸಿ ‘ಆ ಗೈ’ ಎಂದು ಯಾರೂ ಹೇಳುವುದಿಲ್ಲ. ಗುಂಪಿನಲ್ಲಿದ್ದಾಗ ಅವಳಿಗೆ ಪದದೊಳಗೆ ಜಾಗವಿದೆ, ಒಬ್ಬಳೇ ಇದ್ದಾಗ ಇಲ್ಲ. ಅದೂ ಅಲ್ಲದೆ, ಗಂಡಸರ ಪದವನ್ನು ಹೆಂಗಸರಿಗೆ ಹಿಗ್ಗಿಸುವುದು ಸುಲಭ. ಹೆಂಗಸರ ಪದದೊಳಗೆ ಗಂಡಸರನ್ನು ಸೇರಿಸಿದರೆ ಅದು ಬೈಗುಳವಾಗಿಬಿಡುತ್ತದೆ!

ಕನ್ನಡಕ್ಕೆ ಆ ಕೊರತೆಯಿಲ್ಲ. ನಮ್ಮಲ್ಲಿ ‘ನೀವು’ ಇದೆ, ಹೆಣ್ಣು ಗಂಡೆಂದು ಕೇಳದ ‘ಅವರು’ ಇದೆ. ಆದರೂ ‘ಗೈಸ್’ ಯಾಕೆ ಬೇಕಾಯಿತು? ಕನ್ನಡ ಕೆಟ್ಟಿತು ಎಂದು ಗೊಣಗಿದರೆ ಉತ್ತರ ಸಿಗದು. ಅಣ್ಣ, ಅಕ್ಕ, ಸ್ವಾಮಿ, ಸಾರ್, ಸಾಬ್ರೇ ಎನ್ನುವಾಗಲೆಲ್ಲ ನಾವು ಎದುರಿನವರ ವಯಸ್ಸು, ಸ್ಥಾನ, ಕೆಲವೊಮ್ಮೆ ಜಾತಿ ಧರ್ಮಗಳನ್ನೂ ಅಳೆದುಕೊಂಡೇ ಮಾತಾಡುತ್ತೇವೆ. ಕ್ಯಾಮೆರಾದ ಮುಂದೆ ಕೂತವರಿಗೆ ಎದುರಿಗಿರುವವರು ಯಾರೆಂದು ತಿಳಿಯದು. ಈ ಯಾವ ಅಳತೆಯನ್ನೂ ಕೇಳದ ‘ಗೈಸ್’ ಅವರಿಗೆ ಸಲೀಸು. ‘ಸ್ನೇಹಿತರೇ’ ಎಂದರೂ ಅದೇ ಕೆಲಸ ಆಗುತ್ತದೆ. ಆದರೆ ಅದಕ್ಕೆ ಭಾಷಣದ ವಾಸನೆ ಹತ್ತಿಬಿಟ್ಟಿದೆ. ಅಳೆಯದೆ ಕರೆಯಬೇಕು ಎಂಬ ಆಸೆ ಒಳ್ಳೆಯದೇ. ಅದಕ್ಕೆ ಹೊರಗಿನ ಪದವೇ ಬೇಕಾಯಿತೆಂಬುದು ನಮ್ಮ ಸಂಬೋಧನೆಗಳ ಬಗ್ಗೆ ನಾವು ಯೋಚಿಸಬೇಕಾದ ಸಂಗತಿ. ಜೊತೆಗೆ, ಪಟ್ಟಣದ ಹರೆಯದವರ ಈ ಪದ ಹಳ್ಳಿಯ ಅಜ್ಜಿಯನ್ನು ನಿಜವಾಗಿ ಕರೆಯುತ್ತಿದೆಯೇ ಎಂದೂ ಕೇಳಿಕೊಳ್ಳಬೇಕು.

ಫಾಕ್ಸ್ ಓದಿದ್ದ ಯಾರ್ಕ್‌ನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ನವೆಂಬರ್ 5ರಂದು ‘ಗೈ’ಯನ್ನು ಸುಡುವ ಪದ್ಧತಿಯಿಲ್ಲ. ತಮ್ಮಲ್ಲಿ ಓದಿದವನ ಬೊಂಬೆಯನ್ನು ತಾವೇ ಸುಡುವುದು ಹೇಗೆ ಎಂಬ ಸಂಕೋಚ ಅದು. ಅವನ ಅಪರಾಧ ಏನೆಂದು ಆ ಶಾಲೆಗೆ ತಿಳಿಯದ್ದೇನಲ್ಲ. ಆದರೂ ಅವನು ಅಲ್ಲಿ ಮೊದಲು ಒಬ್ಬ ಮನುಷ್ಯ, ಒಬ್ಬ ಹುಡುಗ. ಒಬ್ಬನ ಅಪರಾಧಕ್ಕೆ ಅವನಂಥ ಹೆಸರಿನವರೆಲ್ಲ ಉತ್ತರ ಹೇಳಬೇಕಾದ ಸಮಾಜಗಳು ಇಂದಿಗೂ ಇವೆ. ಅಲ್ಲಿ ಪದದ ವಿಷ ಇಳಿಯಲಿ ಎಂದು ನೂರಾರು ವರ್ಷ ಕಾಯಬೇಕೇ? ಆ ಶಾಲೆಗಿರುವಷ್ಟು ಸಂಕೋಚ ನಮಗೂ ಇದ್ದರೆ ಅಷ್ಟು ಕಾಯಬೇಕಾಗಿಲ್ಲ.