ಬಾಗಿಲು ತೆರೆಯದ ಊರು

ಪುಸ್ತಕ ವಿಮರ್ಶೆ ಮಾಡುವವರಿಗೆ ಒಂದು ಸೌಕರ್ಯವಿದೆ. ಪುಸ್ತಕ ಎಷ್ಟೇ ಹಳೆಯದಿರಲಿ, ಗೆದ್ದಲು ಹಿಡಿಯದಿದ್ದರೆ ಸಾಕು, ತೆರೆದರೆ ತೆರೆದುಕೊಳ್ಳುತ್ತದೆ. ಮೂವತ್ತು ವರ್ಷದ ಹಿಂದೆ ಮೆಚ್ಚಿ ತಲೆದೂಗಿದ ಕಾದಂಬರಿಯನ್ನು ಇವತ್ತು ಮತ್ತೆ ಓದಿ, ‘ಅಯ್ಯೋ, ಇದರಲ್ಲಿ ಹೆಂಗಸರೆಲ್ಲ ಬರೀ ಕಾಫಿ ತರುವುದಕ್ಕೇ ಇದ್ದಾರಲ್ಲ’ ಎಂದು ಜಗಳ ತೆಗೆಯಬಹುದು. ಕಂಪ್ಯೂಟರಿನ ಆಟದ ಪಾಡು ಹಾಗಲ್ಲ. ಅದರೊಡನೆ ಜಗಳವಾಡಬೇಕೆಂದರೂ ಮೊದಲು ಅದು ಬಾಗಿಲು ತೆರೆಯಬೇಕು. ಹೊಸ ಮ್ಯಾಕ್ ಕಂಪ್ಯೂಟರುಗಳಲ್ಲಿ ಹಳೆಯ ಆಟಗಳು ಬಾಗಿಲು ತೆರೆಯುವುದಿಲ್ಲ.

ಆಟಕ್ಕೂ ಒಂದು ವಿಮರ್ಶೆಯೆ ಎಂದು ನೀವು ಹುಬ್ಬೇರಿಸಬಹುದು. ಮಕ್ಕಳ ಪರೀಕ್ಷೆ ಹಾಳುಮಾಡುವ ವಸ್ತು ಎಂದೇ ನಾವು ಅದನ್ನು ಕಂಡವರಲ್ಲವೆ? ಗುಂಡು ಹಾರಿಸುವ ಆಟಗಳ ಮಾತು ನಾನಾಡುತ್ತಿಲ್ಲ. ತಂತ್ರದ ಆಟಗಳೆಂಬ ಬೇರೊಂದು ಜಾತಿಯಿದೆ. ಚದುರಂಗ, ಪಗಡೆ, ನಮ್ಮ ಅಳಗುಳಿಮಣೆಗಳ ಸಂತತಿ ಅದು. ರಾಜ್ಯ ಕಟ್ಟುವುದು, ಊರು ಕಟ್ಟುವುದು, ಬೊಕ್ಕಸ ಬರಿದಾಗದಂತೆ ನೋಡಿಕೊಳ್ಳುವುದು, ಇವತ್ತಿನದರಲ್ಲಿ ಒಂದಿಷ್ಟನ್ನು ನಾಳೆಗೆ ಎತ್ತಿಡುವುದು. ತಿಂಗಳ ಕೊನೆಯ ವಾರವನ್ನು ದಾಟಿಸಿ ಗೊತ್ತಿರುವ ಯಾವ ಹೆಂಗಸಿಗೂ ಈ ತಂತ್ರವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ. ಅಲ್ಲಿದ್ದುದು ಮ್ಯಾಕಿಂಟೋಷ್ ಯಂತ್ರ. ಊಟದ ಡಬ್ಬಿ ಮುಚ್ಚಿ ಮತ್ತೆ ಕೆಲಸ ಶುರುವಾಗುವ ನಡುವಿನ ಅರ್ಧ ಗಂಟೆಯಲ್ಲಿ ನಾವು ಇಬ್ಬರು ಹುಡುಗಿಯರು ಅದರಲ್ಲಿ ‘ಸಿಮ್‌ಸಿಟಿ 2000’ ಆಡುತ್ತಿದ್ದೆವು. ವಿಲ್ ರೈಟ್ ಎಂಬಾತ 1989ರಲ್ಲಿ ತಂದ ‘ಸಿಮ್‌ಸಿಟಿ’ಯ ಮುಂದಿನ ಆವೃತ್ತಿ ಅದು, 1993ರಲ್ಲಿ ಮೊದಲು ಮ್ಯಾಕ್‌ಗೇ ಬಂದದ್ದು. ಆಡುವವರು ಒಂದು ಊರಿನ ಮೇಯರ್. ಹಸಿರು ಬಳಿದಲ್ಲಿ ಮನೆ, ನೀಲಿ ಬಳಿದಲ್ಲಿ ಅಂಗಡಿ, ಹಳದಿ ಬಳಿದಲ್ಲಿ ಕಾರ್ಖಾನೆ. ರಸ್ತೆ, ಕರೆಂಟು, ನೀರು ಕೊಟ್ಟರೆ ಜನ ತಾವಾಗಿ ಬಂದು ಸೇರುತ್ತಾರೆ. ಗೆಲುವೂ ಇಲ್ಲ, ಸೋಲೂ ಇಲ್ಲ, ಊರು ಬೆಳೆಯುತ್ತದೆ ಅಷ್ಟೆ. ಅಂದಿನ ನಮ್ಮ ಊರು ಆ ಯಂತ್ರದ ಜೊತೆಗೇ ಹೋಯಿತು. ಅದಕ್ಕಾಗಿ ನಾನು ಕಣ್ಣೀರು ಹಾಕಿದವಳಲ್ಲ. ಮಾಲೀಕರು ಹಳೆಯ ಸಾಮಾನು ವಿಲೇವಾರಿ ಮಾಡುವಾಗ ಆಟದ ಸಿಡಿಯನ್ನು ನನಗೇ ಕೊಟ್ಟರು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಅದು ರೇಷ್ಮೆ ಸೀರೆಗಳ ನಡುವೆ ಇತ್ತು.

ಈಗ ಮಗಳು ಬಿಟ್ಟುಕೊಟ್ಟ ಮ್ಯಾಕ್‌ಬುಕ್ ನನ್ನ ಪಾಲಿಗೆ ಬಂದಿದೆ. ಹಳೆಯ ಆಟ ಇದರಲ್ಲಿ ನಡೆಯುತ್ತದೆಯೆ ಎಂದು ನಮ್ಮ ಕಡೆಯ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದೆ. ಹುಡುಗ ನಕ್ಕು, ‘ಯಾಕಾಂಟಿ, ಫೋನಲ್ಲಿ ಬೇಕಾದಷ್ಟು ಗೇಮ್ ಇದೆಯಲ್ಲ’ ಎಂದ. ಅಜ್ಜಿಯ ಕಾಲದ ಹಾಡು ಬೇಕೆಂದರೆ ಟೀವಿಯಲ್ಲಿ ಬೇಕಾದಷ್ಟು ಹಾಡಿದೆಯಲ್ಲ ಎಂದ ಹಾಗೆ!

ತೊಂದರೆ ಎಲ್ಲಿದೆ ಎಂಬುದನ್ನು ಸರಳವಾಗಿ ಹೇಳಬಹುದು. ಆಟವೆಂದರೆ ಯಂತ್ರದ ಚಿಪ್‌ಗೆ ಬರೆದಿಟ್ಟ ಅಪ್ಪಣೆಗಳ ಉದ್ದನೆಯ ಪಟ್ಟಿ. ಚಿಪ್‌ನ ಭಾಷೆ ಬದಲಾದರೆ ಪಟ್ಟಿ ಅರ್ಥವಾಗುವುದಿಲ್ಲ. ಆಪಲ್ ಕಂಪನಿ ಆ ಭಾಷೆಯನ್ನು ಮೂರು ಸಲ ಬದಲಿಸಿದೆ: 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ತನ್ನದೇ ಚಿಪ್. ಪ್ರತಿ ಸಲವೂ ಹಳೆಯದನ್ನು ಹೊಸದಕ್ಕೆ ತಿಳಿಸಿ ಹೇಳುವ ಒಬ್ಬ ದುಭಾಷಿಯನ್ನು ಒಳಗೆ ಕೂರಿಸಿತು, ಮೊದಲ ಇಬ್ಬರನ್ನು ಕೆಲವು ವರ್ಷಗಳ ಮೇಲೆ ಕೆಲಸದಿಂದ ತೆಗೆಯಿತು. 2001ರಲ್ಲಿ ಬಂದ ಓಎಸ್ ಟೆನ್‌ನಲ್ಲಿ ಹಳೆಯ ಕಾರ್ಯಕ್ರಮಗಳಿಗೆಂದು ‘ಕ್ಲಾಸಿಕ್’ ಎಂಬ ಒಳಕೋಣೆ ಇತ್ತು. ಇಂಟೆಲ್ ಮ್ಯಾಕ್‌ಗಳಿಗೆ ಅದು ಬರಲೇ ಇಲ್ಲ. ನನ್ನ ಸಿಡಿಯ ಆಟಕ್ಕೆ ಅಲ್ಲಿಗೇ ಬಾಗಿಲು ಬಿತ್ತು. ಪವರ್‌ಪಿಸಿ ಕಾಲದ ಆಟಗಳನ್ನು ಸಾಕುತ್ತಿದ್ದ ‘ರೋಸೆಟ್ಟಾ’ 2011ರಲ್ಲಿ ಹೋಯಿತು. ಇಂಟೆಲ್ ಭಾಷೆಯಲ್ಲೇ ಬರೆದಿದ್ದ ‘ಸಿವಿಲೈಸೇಷನ್ 4’ರಂಥವು, ತಾವು ಬಚಾವಾದೆವು ಎಂದುಕೊಂಡಿರುವಾಗ, 2019ರ ಕ್ಯಾಟಲಿನಾ ಆವೃತ್ತಿ 32 ಬಿಟ್‌ನ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಹೊರಗೆ ನಿಲ್ಲಿಸಿತು. ಯಂತ್ರ ಹಗುರವಾಗಬೇಕು, ವೇಗವಾಗಬೇಕು ಎಂಬುದು ಇದಕ್ಕೆ ಕೊಡುವ ಕಾರಣ, ಅದು ಸುಳ್ಳೂ ಅಲ್ಲ. ಆದರೆ ಓಣಿಯ ಹಳೆಯ ಬಾಡಿಗೆದಾರರನ್ನು ಎಬ್ಬಿಸುವಾಗಲೂ ಇದೇ ಬಗೆಯ ಕಾರಣವನ್ನೇ ಹೇಳುತ್ತಾರೆ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಲೆಕ್ಕ ಹೊರಡಿಸಿತು. 2010ಕ್ಕೆ ಮುಂಚೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಇವತ್ತು ಮಾರುಕಟ್ಟೆಯಲ್ಲೇ ಸಿಗುವುದಿಲ್ಲವಂತೆ. ಉಳಿದಿರುವುದು ಹದಿಮೂರು. ಒಂದು ಭಾಷೆಯ ಪುಸ್ತಕಗಳಿಗೆ ಹೀಗಾಗಿದ್ದರೆ ಎಷ್ಟು ಸಭೆ ಸೇರುತ್ತಿತ್ತು!

ಕೊನೆಗೆ ನನ್ನ ಆಟ ತೆರೆದದ್ದು ‘ಬೆಸಿಲಿಸ್ಕ್ 2’ ಎಂಬ ಎಮ್ಯುಲೇಟರ್‌ನಿಂದ. ಹೊಸ ಯಂತ್ರದ ಹೊಟ್ಟೆಯೊಳಗೆ ಒಂದು ಹಳೆಯ ಮ್ಯಾಕ್ ಇರುವಂತೆ ನಟಿಸುವ ಕಾರ್ಯಕ್ರಮ ಇದು, ಉತ್ಸಾಹಿಗಳು ಬರೆದು ಉಚಿತವಾಗಿ ಹಂಚಿದ್ದು. ಸಿಡಿ ಓದಲು ಹೊರಗಿನಿಂದ ಒಂದು ಡ್ರೈವ್ ಬೇಕಾಯಿತು, ಹೊಸ ಮ್ಯಾಕ್‌ಗಳಲ್ಲಿ ಅದಕ್ಕೆ ಬಾಯಿಯೇ ಇಲ್ಲ. ಹಳೆಯ ಮ್ಯಾಕ್‌ನ ರಾಮ್ ಚಿಪ್‌ನಲ್ಲಿದ್ದ ಕಡತದ ಪ್ರತಿಯೂ ಬೇಕು. ಅದು ಆಪಲ್‌ನ ಸ್ವತ್ತು, ಹಳೆಯ ಯಂತ್ರ ಕೈಯಲ್ಲಿದ್ದವರು ಅದರಿಂದಲೇ ತೆಗೆದುಕೊಳ್ಳುವುದು ನೇರವಾದ ದಾರಿ. ಮುದ್ರಣಾಲಯದ ನನ್ನ ಹಳೆಯ ಗೆಳತಿಯ ಅಟ್ಟದ ಮೇಲೆ ಅಂಥದೊಂದು ಇತ್ತು. ಕೊಂಡ ಕಾರ್ಯಕ್ರಮ ಕೆಟ್ಟುಹೋದೀತೆಂದು ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೇ ಅವಕಾಶ ಕೊಡುತ್ತದೆ, ಆದರೆ ಕೊಳ್ಳದವರಿಗೆ ಹಂಚಲು ಕೊಡುವುದಿಲ್ಲ. ಇಷ್ಟೆಲ್ಲ ಬೇಡವೆನ್ನುವವರಿಗೆ ಇದೇ ಆಟದ ಡಾಸ್ ಆವೃತ್ತಿಯಿದೆ. ಅದನ್ನು ಡಾಸ್‌ಬಾಕ್ಸ್‌ನೊಳಗೆ ನಡೆಸಬಹುದು. ಮೂರು ಸಂಜೆ ಹಿಡಿಯಿತು. ಪರದೆಯ ನಡುವೆ ಅಂಚೆಚೀಟಿಯಷ್ಟು ಚೌಕದಲ್ಲಿ ಊರು ಮೂಡಿತು. ಆಮೆ, ಲಾಮಾ, ಚಿರತೆ ಎಂದು ಆಟದಲ್ಲಿ ಮೂರು ವೇಗಗಳಿವೆ. ಹೊಸ ಯಂತ್ರದ ಓಟಕ್ಕೆ ಚಿರತೆಯನ್ನು ಬಿಟ್ಟರೆ ಹಾಲು ಕಾಯುವಷ್ಟರಲ್ಲಿ ವರ್ಷಗಳು ಉರುಳಿಹೋಗುತ್ತವೆ. ನಾನು ಆಮೆಯಲ್ಲೇ ಇದ್ದೇನೆ.

ಅಂತೂ ಈಗ ಜಗಳಕ್ಕೆ ಬರಬಹುದು.

ನಾನು ಇರುವುದು ಹೆಬ್ಬಗೋಡಿಯಲ್ಲಿ. ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಬಂದರೆ ಸಿಗುವ, ಆನೇಕಲ್ ತಾಲ್ಲೂಕಿನ ಊರು. ಈ ಊರಲ್ಲಿ ಕೂತು ಸಿಮ್‌ಸಿಟಿ ಆಡುವವರಿಗೆ ಮೊದಲು ಕಣ್ಣಿಗೆ ಹೊಡೆಯುವುದು ಅದರ ಖಾಲಿ ನೆಲ. ಹೊಸ ಊರು ಎಂದು ಒತ್ತಿದರೆ ಮರ, ನೀರು, ಗುಡ್ಡ ಮಾತ್ರ ಬರುತ್ತವೆ, ಒಂದು ನರಪಿಳ್ಳೆಯೂ ಇಲ್ಲ. ಇಪ್ಪತ್ತು ವರ್ಷದ ಹುಡುಗಿಯಾಗಿ ಆಡುವಾಗ ನನಗೆ ಇದು ಸಹಜವಾಗಿಯೇ ಕಂಡಿತ್ತು. ಈಗ ಕಾಣುವುದಿಲ್ಲ. ಇಲ್ಲಿ ಕಾರ್ಖಾನೆಗೆ ಮುಂಚೆ ರಾಗಿ ಹೊಲವಿತ್ತು, ಕೆರೆಯಿತ್ತು, ಗ್ರಾಮದೇವತೆ ಇದ್ದಳು. ಪಕ್ಕದ ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶ ಎದ್ದದ್ದು ಕೆಐಎಡಿಬಿಯವರು ಭೂಮಿ ವಶಪಡಿಸಿಕೊಂಡ ಮೇಲೆ. ವಶಪಡಿಸಿಕೊಳ್ಳುವುದೆಂದರೆ ನೋಟಿಸು, ಪರಿಹಾರ, ತಕರಾರು, ಅಣ್ಣತಮ್ಮಂದಿರ ಜಗಳ, ಸಹಿ ಹಾಕಲು ಮಾತ್ರ ನೆನಪಾಗುವ ಹೆಣ್ಣುಮಕ್ಕಳು. ಆಟದಲ್ಲಿ ಬುಲ್ಡೋಜರ್ ಚಿತ್ರ ಒತ್ತಿ ಒಂದು ಡಾಲರ್ ಕೊಟ್ಟರೆ ಚೌಕ ಖಾಲಿ.

ಇನ್ನು ಆ ಮೂರು ಬಣ್ಣಗಳು. ಹಸಿರಲ್ಲಿ ಅಂಗಡಿ ಇಡುವಂತಿಲ್ಲ, ಹಳದಿಯಲ್ಲಿ ಮನೆ ಕಟ್ಟುವಂತಿಲ್ಲ. ನಮ್ಮ ಬೀದಿಯ ಒಂದೇ ಕಟ್ಟಡದಲ್ಲಿ ಕೆಳಗೆ ಪ್ರಾವಿಜನ್ ಸ್ಟೋರು, ಮೇಲೆ ಪೀಜಿ, ಹಿಂದೆ ಲೇತ್ ಯಂತ್ರ, ತಾರಸಿಯಲ್ಲಿ ಸಂಡಿಗೆ. ಮೇಯರ್‌ನ ಬಳಿ ಇದಕ್ಕೆ ಬಣ್ಣವಿಲ್ಲ. ಜೇ ಫಾರೆಸ್ಟರ್ ಎಂಬ ಪಂಡಿತರು 1969ರಲ್ಲಿ ನಗರವನ್ನು ಸಮೀಕರಣಗಳಾಗಿ ಬರೆದ ಪುಸ್ತಕದಿಂದ ವಿಲ್ ರೈಟ್ ಪ್ರೇರಣೆ ಪಡೆದದ್ದು. ಸಮೀಕರಣಕ್ಕೆ ಸಂಡಿಗೆ ಕಾಣುವುದು ಕಷ್ಟ. (2025ರ ಆಗಸ್ಟ್‌ನಲ್ಲಿ ನಮ್ಮೂರಿಗೆ ಬಂದ ಮೆಟ್ರೋಗೂ ಹಳದಿ ಮಾರ್ಗವೆಂದೇ ಹೆಸರು. ಕಾರ್ಖಾನೆಗಳ ಸಾಲಿಗೆ ಹೊಂದುವ ಬಣ್ಣವೇ ಸರಿ!)

ಅದರ ಒಳ್ಳೆಯತನವನ್ನೂ ಹೇಳಬೇಕು. ಒಂದು ಗುಂಡಿ ಒತ್ತಿದರೆ ನೆಲ ಪಾರದರ್ಶಕವಾಗಿ ಕೆಳಗಿನ ಪೈಪುಗಳು ಕಾಣುತ್ತವೆ. ಊರೆಂದರೆ ಮೇಲಿನ ಗಾಜಿನ ಕಟ್ಟಡವಲ್ಲ, ಕೆಳಗಿನ ಕೊಳವೆ ಎಂದು ನನಗೆ ಮೊದಲು ತೋರಿಸಿಕೊಟ್ಟದ್ದು ಈ ಆಟ. ಟ್ಯಾಂಕರ್ ನೀರಿಗೆ ಫೋನು ಮಾಡುತ್ತಾ ಕೂರುವ ನಮ್ಮಂಥವರಿಗೆ ಈ ಪಾಠ ಸಣ್ಣದಲ್ಲ. ವಿದ್ಯುತ್ ಸ್ಥಾವರಗಳಿಗೂ ಅಲ್ಲಿ ಆಯಸ್ಸಿದೆ, ಹೆಚ್ಚಿನವಕ್ಕೆ 50 ವರ್ಷ. ಮುಂದಿನದಕ್ಕೆ ಹಣ ಎತ್ತಿಟ್ಟಿರದಿದ್ದರೆ ಊರು ಕತ್ತಲು. ದುರಸ್ತಿಯ ಖರ್ಚನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಆಟಕ್ಕೆ, ತಾನು ಹುಟ್ಟಿದ ಯಂತ್ರದ ಕಡೆಯಿಂದ ಸಿಕ್ಕ ಆಯಸ್ಸು ಅದರ ಕಾಲುಭಾಗ ಮಾತ್ರ.

ನನ್ನ ದೊಡ್ಡ ತಕರಾರು ಬೇರೆಯದು. ಆಟದಲ್ಲಿ ವಿಪತ್ತುಗಳ ಒಂದು ಪಟ್ಟಿಯಿದೆ: ಬೆಂಕಿ, ಪ್ರವಾಹ, ಸುಂಟರಗಾಳಿ, ಭೂಕಂಪ, ಒಂದು ರಾಕ್ಷಸ, ಮತ್ತು ಗಲಭೆ. ಗಲಭೆ ಸುಂಟರಗಾಳಿಯ ಸಾಲಿನಲ್ಲಿ ಕೂತಿದೆ, ಅದಕ್ಕೆ ಮೇಯರ್ ಮಾಡಬೇಕಾದ್ದು ಪೊಲೀಸರನ್ನು ಕಳಿಸುವುದು.

2016ರ ಏಪ್ರಿಲ್ 18 ಮತ್ತು 19 ನಿಮಗೂ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಐವತ್ತೆಂಟರ ತನಕ ಹೊಲಿಗೆ ಯಂತ್ರದ ಮುಂದೆ ಕೂರುವವರು ಎಷ್ಟು ಜನ? ಮಗಳ ಮದುವೆಗೆ, ಗಂಡನ ಆಪರೇಷನ್‌ಗೆ, ಊರಿನ ಸಾಲಕ್ಕೆ ಆ ಹೆಂಗಸರಿಗಿದ್ದ ಏಕೈಕ ಗಂಟು ಅದು. ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಬಂದು ಕೂತರು. ಲಾಠಿ ಬೀಸಿತು, ಕಲ್ಲು ತೂರಿತು, ನಮ್ಮ ಹೆಬ್ಬಗೋಡಿ ಪೊಲೀಸ್ ಠಾಣೆಯ ಆವರಣದಲ್ಲಿ ವಾಹನಗಳು ಉರಿದವು. 19ರ ಸಂಜೆಯೊಳಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಉರಿದ ವಾಹನವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದು ಸುಂಟರಗಾಳಿಯಾಗಿರಲಿಲ್ಲ, ಅದಕ್ಕೊಂದು ಕಾಗದವಿತ್ತು, ಕಾಗದಕ್ಕೊಂದು ತಾರೀಕಿತ್ತು.

ನಮ್ಮ ಕೆಳಗಿನ ಮನೆಯಾಕೆ ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿದ್ದವರು. ಒಂದು ಸಂಜೆ ಬಂದು ನಾನಾಡುವುದನ್ನು ನೋಡುತ್ತಾ ಕೂತರು. ಆ ಪಟ್ಟಿಯಲ್ಲಿ ಗಲಭೆಯ ಹೆಸರು ತೋರಿಸಿದೆ.

‘ಇದನ್ನ ಒತ್ತಿದರೆ ಗಲಾಟೆ ಆಗುತ್ತಾ ಅಕ್ಕ?’

‘ಆಗುತ್ತೆ.’

‘ಪಿಎಫ್ ಕೊಟ್ಟುಬಿಡೋಕೆ ಯಾವುದು ಒತ್ತಬೇಕು?’

ಹುಡುಕಿದೆವು. ಮೇಯರ್ ಹೊರಡಿಸಬಹುದಾದ ಅಪ್ಪಣೆಗಳದೇ ಒಂದು ಪುಟವಿದೆ. ಜೂಜನ್ನು ಕಾನೂನುಬದ್ಧ ಮಾಡಬಹುದು, ಓದುವ ಹವ್ಯಾಸಕ್ಕೆ ಪ್ರಚಾರ ಕೊಡಬಹುದು, ಪಾರ್ಕಿಂಗ್ ದಂಡ ಹಾಕಬಹುದು. ಕೂಲಿಯ ಬಗ್ಗೆ ಒಂದು ಸಾಲೂ ಇಲ್ಲ. 1993ರಲ್ಲಿ ಒಂದು ಊರನ್ನು ಕಲ್ಪಿಸಿಕೊಂಡವರು ಏನನ್ನು ಕಲ್ಪಿಸಿಕೊಳ್ಳಲಿಲ್ಲ ಎಂಬುದು ಆಟ ತೆರೆದಾಗಲೇ ಗೊತ್ತಾಗುವುದು. ಅದಕ್ಕೇ ನನಗೆ ಇವು ತೆರೆಯಬೇಕು. ಹಳೆಯದೆಲ್ಲ ಚೆಂದವಿತ್ತು ಎಂದು ಹಾಡುವುದಕ್ಕಲ್ಲ.

ಈಗಿನ ದುಭಾಷಿ ‘ರೋಸೆಟ್ಟಾ 2’. ಇದನ್ನು ಮ್ಯಾಕ್‌ಓಎಸ್ 27ರ ತನಕ ಪೂರ್ತಿಯಾಗಿ ಇಡುತ್ತೇವೆ, ಆಮೇಲೆ ಯಾರೂ ನೋಡಿಕೊಳ್ಳದ ಹಳೆಯ ಆಟಗಳಿಗಾಗಿ ಅದರ ಒಂದು ಭಾಗವನ್ನು ಉಳಿಸುತ್ತೇವೆ ಎಂದು ಆಪಲ್ 2025ರಲ್ಲಿ ತಿಳಿಸಿತು. ಆಟಗಳ ಹೆಸರೆತ್ತಿ ಇಷ್ಟಾದರೂ ಹೇಳಿದ್ದಕ್ಕೆ ಮೆಚ್ಚಬೇಕು. ಇದಕ್ಕಿಂತ ಗಟ್ಟಿಯಾದ ದಾರಿ ಬರೆದ ಅಪ್ಪಣೆಗಳ ಪಟ್ಟಿಯನ್ನೇ ಎಲ್ಲರ ಮುಂದಿಡುವುದು. 1989ರ ಮೊದಲ ಸಿಮ್‌ಸಿಟಿಗೆ ಆ ಭಾಗ್ಯ ಸಿಕ್ಕಿತು. ಬಡ ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡುವ ಯೋಜನೆಗೆಂದು ಅದರ ಮೂಲ ಸಂಕೇತವನ್ನು 2008ರಲ್ಲಿ ‘ಮೈಕ್ರೋಪೊಲಿಸ್’ ಎಂಬ ಹೆಸರಿನಲ್ಲಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹೊಸ ಯಂತ್ರಕ್ಕೆ ಹೊಂದಿಸಬಹುದು. ಮೌರ್ಯರನ್ನೂ ಆಡಿಸಲು ಬಿಡುವ ‘ಜೀರೋ ಎ.ಡಿ.’ ಎಂಬ ರಾಜ್ಯ ಕಟ್ಟುವ ಆಟವನ್ನು ಸ್ವಯಂಸೇವಕರು ಇದೇ ರೀತಿ ಬಹಿರಂಗವಾಗಿ ಬರೆಯುತ್ತಿದ್ದಾರೆ, ಅದು ಹೊಸ ಮ್ಯಾಕ್‌ನಲ್ಲಿ ಯಾವ ದುಭಾಷಿಯ ಹಂಗೂ ಇಲ್ಲದೆ ನಡೆಯುತ್ತದೆ.

ಕೆಳಗಿನ ಮನೆಯಾಕೆಯ ಮಗಳು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಾಳೆ. ಅವಳ ಹತ್ತಿರ ಮ್ಯಾಕ್ ಇಲ್ಲ, ಮೈಕ್ರೋಪೊಲಿಸ್‌ಗೆ ಅದು ಬೇಕಾಗಿಯೂ ಇಲ್ಲ. ಪಟ್ಟಿಯನ್ನು ಇಳಿಸಿಕೊಂಡು ಹೋಗಿದ್ದಾಳೆ. ಅದು ಸಿ ಭಾಷೆಯಲ್ಲಿದೆ, ಸಿ ಅವಳಿಗೆ ಈ ಸೆಮಿಸ್ಟರ್‌ನಲ್ಲೇ ಇದೆಯಂತೆ. ಅಮ್ಮ ಕೇಳಿದ ಗುಂಡಿಯನ್ನು ಎಲ್ಲಿ ಕೂರಿಸಬಹುದು ಎಂದು ನೋಡುತ್ತಿದ್ದಾಳೆ.