ಗಾಳಿಯಲ್ಲಿ ಬಿಗಿದ ಬೋಲ್ಟು

ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ತರಿಸಿ ಮನೆಯಲ್ಲೇ ಹಾಕಿಕೊಂಡವರ ದೂರು ಹೆಚ್ಚುಕಮ್ಮಿ ಒಂದೇ ಥರ. ಮೊದಲ ವಾರ ಕಾರು ಸೊಗಸಾಗಿ ಓಡುತ್ತದೆ. ಆಮೇಲೆ ಹಂಪ್ ಇಳಿಯುವಾಗ ಮುಂದಿನಿಂದ ಕಟಕ್ ಎಂಬ ಸದ್ದು. ಕೆಲವು ತಿಂಗಳಲ್ಲಿ ಲೋವರ್ ಆರ್ಮ್ ಬುಷ್ ಹರಿದಿರುತ್ತದೆ. ಬೈಗುಳವೆಲ್ಲ ಸ್ಪ್ರಿಂಗ್ ಮಾಡಿದವರಿಗೆ. ನಾನು ಬಗ್ಗಿ ನೋಡಿದ ಇಂಥ ಕಾರುಗಳಲ್ಲಿ ಹೆಚ್ಚಿನವುಗಳ ಸಾಮಾನು ಚೆನ್ನಾಗಿಯೇ ಇತ್ತು. ಬೋಲ್ಟು ಬಿಗಿದ ಹೊತ್ತು ತಪ್ಪಾಗಿತ್ತು.

ಬುಷ್ ಎಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಬಳೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟು ಬಿಗಿದರೆ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರಿನ ತಿರುಚಾಟದಲ್ಲೇ. ಕಾರು ಸ್ಟ್ಯಾಂಡ್ ಮೇಲೆ ಕೂತು ಚಕ್ರ ಜೋತುಬಿದ್ದಿರುವಾಗ ಬಿಗಿದುಬಿಟ್ಟರೆ ಆ ಜೋತುಬಿದ್ದ ಭಂಗಿಯೇ ರಬ್ಬರಿಗೆ ನೆಲೆಯಾಗುತ್ತದೆ. ಕಾರನ್ನು ಕೆಳಗಿಳಿಸಿದ ಮೇಲೆ ಅದು ಹಿಂಡಿದ ಒದ್ದೆ ಪಂಚೆಯ ಹಾಗೆ ಸದಾ ತಿರುಚಿಕೊಂಡಿರುತ್ತದೆ, ಗಾಡಿ ನಿಂತಾಗಲೂ. ಗುಂಡಿಗೆ ಬಿದ್ದಾಗ ಇನ್ನಷ್ಟು ತಿರುಚಬೇಕು. ಹರಿಯದೆ ಇನ್ನೇನಾದೀತು?

ಹಾಗಾಗಿ ಬುಷ್ ಬೋಲ್ಟುಗಳನ್ನು ಮೊದಲು ಹದವಾಗಿ ಕೂಡಿಸಿ ಬಿಡಬೇಕು. ಚಕ್ರ ಹಾಕಿ, ನಾಲ್ಕರ ಅಡಿಗೂ ಒಂದೇ ದಪ್ಪದ ಗಟ್ಟಿ ಹಲಗೆ ಕೊಟ್ಟು ಕಾರನ್ನು ಇಳಿಸಿ. ಹಿಂದೆ ಮುಂದೆ ಸ್ವಲ್ಪ ತಳ್ಳಿ, ಬಾನೆಟ್ ಮೇಲೆ ಕೈಯೂರಿ ಕುಲುಕಿ. ಆಮೇಲೆ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರಿನ ಭಾರ ಚಕ್ರದ ಮೇಲಿರುವಾಗಲೇ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ. ಇದರಲ್ಲಿ ಇನ್ನೊಂದು ಮಾತು ಅನೇಕರಿಗೆ ಹೊಳೆಯುವುದಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿ ಕಾರಿನ ಎತ್ತರ ಇಳಿಸಿದ್ದರೆ ನೀವು ಮುಟ್ಟದೇ ಬಿಟ್ಟ ಬುಷ್ ಬೋಲ್ಟುಗಳನ್ನೂ ಸಡಿಲಿಸಿ, ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕು. ಹಿಂಬದಿಯ ಟಾರ್ಷನ್ ಬೀಮಿನ ಬುಷ್‌ಗಳಿಗೂ ಈ ಮಾತು ಸಲ್ಲುತ್ತದೆ.

ಮಂಗಳೂರು, ಉಡುಪಿ ಕಡೆಯ ಕಾರಾದರೆ ಬೋಲ್ಟು ಬಿಚ್ಚುವುದೇ ದೊಡ್ಡ ಕೆಲಸ. ಕಡಲ ಗಾಳಿಗೆ ಬೋಲ್ಟು ಬುಷ್ಷಿನ ಕೊಳವೆಯೊಳಗೇ ತುಕ್ಕು ಹಿಡಿದು ಕೂತಿರುತ್ತದೆ. ನಟ್ಟು ಬಿಟ್ಟರೂ ಬೋಲ್ಟು ಬಿಡುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬದಲಿ ಬೋಲ್ಟು ಮೊದಲೇ ತಂದಿಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನ ಬೋಲ್ಟು ಮುರಿದರೆ ಅದೇ ಅಳತೆಯದು ಸಿಗುವುದು ಕಷ್ಟ.

ಈಗ ಸ್ಟ್ರಟ್ಟಿಗೆ ಬರೋಣ. ನಮ್ಮ ಬಹುತೇಕ ಚಿಕ್ಕ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಅದುಮಿ ಕೂರಿಸಿದ ಸ್ಪ್ರಿಂಗ್. ಮಿಲಿಮೀಟರಿಗೆ ಎರಡೂವರೆ ಕಿಲೋ ಭಾರ ತಡೆಯುವ ಸ್ಪ್ರಿಂಗನ್ನು 12 ಸೆಂಟಿಮೀಟರ್ ಅದುಮಿದರೆ ಅದರಲ್ಲಿ 300 ಕಿಲೋ ಒತ್ತಡ ಕೂತಿರುತ್ತದೆ. ಕಂಪ್ರೆಸರಿನ ಕೊಕ್ಕೆ ಜಾರಿದರೆ ಅಷ್ಟೂ ಒಮ್ಮೆಲೇ ಹೊರಗೆ. ಎರಡು ಕೊಕ್ಕೆ ಎದುರುಬದುರಾಗಿರಬೇಕು, ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಮುಖ ಸ್ಪ್ರಿಂಗಿನ ತುದಿಯ ನೇರಕ್ಕೆ ಇರಬಾರದು. ಇದಕ್ಕೆ ಧೈರ್ಯ ಸಾಲದಿದ್ದರೆ ಸ್ಟ್ರಟ್ ಬಿಚ್ಚಿ ಗ್ಯಾರೇಜಿಗೆ ಒಯ್ದು ಸ್ಪ್ರಿಂಗನ್ನಷ್ಟೇ ಬದಲಿಸಿಕೊಂಡು ಬನ್ನಿ. ನನ್ನ ಮಟ್ಟಿಗೆ ಅದೇ ಜಾಣತನ.

ಮೇಲಿನ ನಟ್ಟು ಬಿಗಿಯುವಾಗ ಒಳಗಿನ ರಾಡ್ ತಾನೂ ಜೊತೆಗೇ ತಿರುಗುತ್ತದೆ. ಆಗ ಕೈಗೆ ಸಿಕ್ಕ ಪ್ಲೈಯರಿನಿಂದ ರಾಡನ್ನೇ ಅವುಕುವುದುಂಟು. ಕನ್ನಡಿಯಂತಿದ್ದ ಕ್ರೋಮ್ ಮೇಲೆ ಉಗುರಿಗೂ ಸರಿಯಾಗಿ ಸಿಗದ ಗೀರು ಬೀಳುತ್ತದೆ. ಆ ಗೀರು ಪ್ರತಿ ಗುಂಡಿಗೂ ಆಯಿಲ್ ಸೀಲನ್ನು ಕೆರೆಯುತ್ತದೆ; ಹೊಸ ಶಾಕ್ ಅಬ್ಸಾರ್ಬರ್ ಸೋರತೊಡಗುತ್ತದೆ. ರಾಡಿನ ತುದಿಯಲ್ಲೇ ಅಲೆನ್ ಕೀ ಕೂರುವ ತೂತೋ, ಸ್ಪ್ಯಾನರ್ ಹಿಡಿಯುವ ಚಪ್ಪಟೆಯೋ ಇರುತ್ತದೆ. ಹಿಡಿಯಬೇಕಾದ್ದು ಅಲ್ಲಿ.

ಸ್ಪ್ರಿಂಗ್ ಕೊಳ್ಳುವಾಗ ತಂತಿಯ ದಪ್ಪ ವಿಚಾರಿಸಿ. ಸ್ಪ್ರಿಂಗಿನ ಬಿಗುವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದು ತಂತಿ 12 ಮಿಲಿಮೀಟರಿನಿಂದ 13ಕ್ಕೆ ಹೋದರೆ ಬಿಗುವು ಸುಮಾರು 38 ಶೇಕಡಾ ಹೆಚ್ಚು. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಹಳೆಯ ಶಾಕ್ ಅಬ್ಸಾರ್ಬರಿಗೆ ಇರುವುದಿಲ್ಲ; ಹೆದ್ದಾರಿಯಲ್ಲಿ ಕಾರು ಪುಟಿಯುತ್ತದೆ. ಸ್ಪ್ರಿಂಗನ್ನೇ ಗರಗಸದಿಂದ ಒಂದು ಸುತ್ತು ಕತ್ತರಿಸುವುದಂತೂ ಬೇಡವೇ ಬೇಡ. ಕಾರು ಗಾಳಿಗೆ ಎದ್ದಾಗ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲವಾಗಿ ಕಳಚಿಕೊಳ್ಳಬಹುದು.

ಎತ್ತರ ಇಳಿಸುವುದೇ ನನಗೆ ಒಪ್ಪಿಗೆಯಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಆ ಅಳತೆಯೂ ಗೊತ್ತಿಲ್ಲ. ಸುಮಾರು 160 ಮಿಲಿಮೀಟರ್ ತೆರಪಿರುವ ಹ್ಯಾಚ್‌ಬ್ಯಾಕನ್ನು 40 ಮಿಲಿಮೀಟರ್ ಇಳಿಸಿ, ಮನೆಮಂದಿಯನ್ನೆಲ್ಲ ಕೂರಿಸಿದರೆ ಉಳಿಯುವುದೆಷ್ಟು? ಎತ್ತರ ಹಾಗೇ ಇಟ್ಟು ಒಳ್ಳೆಯ ಶಾಕ್ ಅಬ್ಸಾರ್ಬರ್ ಜೋಡಿ ಹಾಕಿದರೆ ಸಕಲೇಶಪುರದ ಘಾಟಿಯ ತಿರುವಿನಲ್ಲೇ ಸುಖ ತಿಳಿಯುತ್ತದೆ. ಕಾನೂನಿನ ಕಡೆಗೂ ಕಣ್ಣಿರಲಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ವಿಮೆಯವರಿಗೂ ಮೊದಲೇ ತಿಳಿಸಿ.

ಎಲ್ಲ ಮುಗಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್, ಎಬಿಎಸ್ ವೈರು ಎಳೆದುಕೊಂಡಿವೆಯೇ ನೋಡಿ. ಸ್ಟ್ರಟ್ ಬಿಚ್ಚಿದ ಮೇಲೆ ಚಕ್ರದ ಕೋನ ಮೊದಲಿದ್ದಂತೆ ಉಳಿಯುವುದಿಲ್ಲ. ಸ್ಪ್ರಿಂಗ್ ಕುಳಿತುಕೊಳ್ಳಲಿ ಎಂದು ಕೆಲವು ದಿನ ನಿಧಾನವಾಗಿ ಓಡಿಸಿ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿಂದ ಬಂದ ಮೇಲೆ ಬೋಲ್ಟುಗಳ ಬಿಗಿತವನ್ನು, ಕಾರು ತನ್ನ ಕಾಲ ಮೇಲೆ ನಿಂತಿರುವಾಗಲೇ, ಇನ್ನೊಮ್ಮೆ ಪರೀಕ್ಷಿಸಿ.